ಮೂರು ತುಂಡು ಮಾಡಿದ ಊದಿನಕಡ್ಡಿ

ವಾರಕ್ಕೆ ಇನ್ನು ಮೂರೇ ದಿನ ಕೆಲಸ ಎಂದು ಮಾಲೀಕರು ಹೇಳಿದ ದಿನ ನಾನು ಅವರನ್ನು ಅಣಕಿಸಲಿಲ್ಲ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಎಂದರೆ, ಹರಿಹರದ ನಮ್ಮ ಶೆಡ್ಡಿನಲ್ಲಿ ನಾನು ಅಣಕಿಸದೆ ಬಿಟ್ಟ ಮನುಷ್ಯನೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ಕಂಪ್ರೆಸರ್ ಉಸಿರು ಬಿಡುವುದು, ಲೇತಿನ ಬಾಗಿಲು ಜಾರುವುದು, ಬಸ್ ಸ್ಟ್ಯಾಂಡಿನ ಕಂಡಕ್ಟರ್ ಮೂಗಿನಲ್ಲಿ ಊರಿನ ಹೆಸರು ಕೂಗುವುದು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದವು. ಅವತ್ತು ಮಾತ್ರ ಗಂಟಲು ಖಾಲಿ.

"ನೋಡಪ, ಇದ್ದಿದ್ದು ಇದ್ದಂಗೆ ಹೇಳ್ಬೇಕಂದ್ರೆ," ಎಂದರು ಮಾಲೀಕರು. ಅವರ ಎಲ್ಲ ಮಾತೂ ಹೀಗೇ ಶುರುವಾಗುವುದು. "ಪಂಪಿನ ಕಂಪನಿಯೋರಿಗೇ ಆರ್ಡರ್ ಇಲ್ಲ, ನಮಗೆಲ್ಲಿಂದ ಬರ್ಬೇಕು? ಸೋಮ, ಮಂಗಳ, ಬುಧ ಮಶೀನು ಓಡ್ತೈತೆ. ಉಳಿದ ದಿನ ಬೀಗ. ಸಂಬಳನೂ ಅಷ್ಟೇ ದಿನದ್ದು. ಮೇಸ್ತ್ರಿನ ಇಟ್ಕಳ್ಳಾಕೆ ನನ್ನ ಕೈಲಿ ಆಗಲ್ಲ. ಸೆಟ್ಟಿಂಗಿಗೆ ಅಂತ ನಿನಗೆ ನಾಲ್ಕು ಕಾಸು ಸೇರಿಸಿ ಕೊಡ್ತೀನಿ. ಸೆಟ್ಟಿಂಗೂ ಆಪರೇಟಿಂಗೂ ನೀನೊಬ್ನೇ ನೋಡ್ಕಂತೀಯಾ?"

ಮೇಸ್ತ್ರಿ ಅಂದರೆ ಕಬ್ಬಿಣ ಕಡೆಯುವ ಲೇತಿಗೆ ಟೂಲು ಕೂರಿಸಿ, ಅಳತೆ ಹೊಂದಿಸಿ, ಮೊದಲ ಪೀಸು ಪಾಸು ಮಾಡಿ ನಮ್ಮ ಕೈಗೆ ಕೊಡುವ ಹಿರಿಯ. ಐವತ್ತೈದು ದಾಟಿದವರು, ಆನಗೋಡಿನಿಂದ ಬರುತ್ತಿದ್ದರು. ಅವರು ಆಗ ಹೊರಗೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು. ಮಾಲೀಕರ ಮಾತು ಮುಗಿಯುವ ಮೊದಲೇ ನನ್ನ ಬಾಯಿ "ನೋಡ್ಕಂತೀನಿ ಸಾರ್" ಎಂದುಬಿಟ್ಟಿತು. ಬಾಯಿ ನನ್ನದೇ. ಅದರ ಮೇಲೆ ತಪ್ಪು ಹೊರಿಸಿ ತಪ್ಪಿಸಿಕೊಳ್ಳಲು ಆಮೇಲೆ ಬಹಳ ಪ್ರಯತ್ನಪಟ್ಟೆ.

ನನ್ನ ಹಣಕಾಸಿನ ಸ್ಥಿತಿ ಹೇಳಿದರೆ ಆ ಬಾಯಿಯ ಅವಸರ ಅರ್ಥವಾಗುತ್ತದೆ. ಆವರಗೆರೆಯಲ್ಲಿ ಅಮ್ಮ ಮತ್ತು ನಾನು ಬಾಡಿಗೆ ಮನೆಯಲ್ಲಿದ್ದೇವೆ. ಅಮ್ಮ ಮಂಡಕ್ಕಿ ಭಟ್ಟಿಯಲ್ಲಿ ಚೀಲ ತುಂಬುವ ಕೆಲಸಕ್ಕೆ ಹೋಗುತ್ತಾಳೆ. ನನ್ನ ಸಂಬಳ ಬಂದ ವಾರದಲ್ಲಿ ನಾನು ಸಾಹುಕಾರ, ಎರಡನೇ ವಾರ ಮನುಷ್ಯ, ಆಮೇಲೆ ಅಮ್ಮನ ಮಗ. ಬೈಕಿಗೆ ಕಂತು ಕಟ್ಟುತ್ತೇನೆ, ಪೆಟ್ರೋಲಿಗೆ ದುಡ್ಡಿಲ್ಲದೆ ಬಸ್ಸಿನಲ್ಲಿ ಓಡಾಡುತ್ತೇನೆ. ಬೈಕು ಮನೆಮುಂದೆ ಹೊದಿಕೆ ಹೊದ್ದು ಮಲಗಿರುತ್ತದೆ, ನಮ್ಮ ಮನೆಯಲ್ಲಿ ನಿಶ್ಚಿಂತೆಯಿಂದ ಮಲಗುವುದು ಅದೊಂದೇ. ಉಳಿತಾಯ ಎನ್ನುವುದನ್ನು ನಾನು ಬ್ಯಾಂಕಿನ ಗೋಡೆಯ ಪೋಸ್ಟರಿನಲ್ಲಿ ಮಾತ್ರ ನೋಡಿದ್ದೆ.

ಮೇಸ್ತ್ರಿ ಹೋಗುವಾಗ ಜಗಳ ಮಾಡಲಿಲ್ಲ. ಮೈಕ್ರೋಮೀಟರ್ ಒರೆಸಿ ಡಬ್ಬಿಯಲ್ಲಿಟ್ಟರು. ಲೇತಿನ ಪಕ್ಕದ ಗೂಡಿನಲ್ಲಿದ್ದ ಊದಿನಕಡ್ಡಿಯ ಪ್ಯಾಕೆಟ್ ತೋರಿಸಿ, "ದಿನಾ ಒಂದು ಹಚ್ಚು. ಅದು ಪೂರ್ತಿ ಉರಿಯೋ ಮಟ ಕೆಲ್ಸ ಹಚ್ಚಬ್ಯಾಡ. ಗೊತ್ತಾತಾ?" ಎಂದರು. ಅವರ ಎಲ್ಲ ಮಾತೂ 'ಗೊತ್ತಾತಾ' ಎಂದು ಮುಗಿಯುತ್ತಿತ್ತು. ನನಗೆ ಗೊತ್ತಾಗಿರಲಿಲ್ಲ.

ಅವರ ಪದ್ಧತಿ ಹೀಗೆ: ಬೆಳಿಗ್ಗೆ ಬಂದವರೇ ಲೇತಿನ ಮುಂದೆ ಒಂದು ಊದಿನಕಡ್ಡಿ ಹಚ್ಚಿ, ಒಳಗೆ ಕಬ್ಬಿಣ ಕಟ್ಟದೆ ಖಾಲಿ ಸ್ಪಿಂಡಲ್ ತಿರುಗಿಸಿ, ಕೈ ಕಟ್ಟಿ ನಿಲ್ಲುತ್ತಿದ್ದರು. ಕಡ್ಡಿ ಬೂದಿಯಾದ ಮೇಲೆಯೇ ಮೊದಲ ಪೀಸು. ನಾನು ಅದನ್ನೇ ಅಭಿನಯಿಸಿ ಅಕ್ಕಪಕ್ಕದ ಶೆಡ್ಡಿನವರನ್ನೆಲ್ಲ ನಗಿಸುತ್ತಿದ್ದೆ. ಮೂಗಿನಲ್ಲಿ ಮಾತು ಎಳೆದು, "ತಾಯಿ ಲೇತವ್ವ, ಚಾ ಕುಡಿದು ನಿಧಾನಕ್ಕೆ ಬಾರವ್ವ, ಗೊತ್ತಾತಾ?" ಎನ್ನುವುದು ನನ್ನ ಹೆಸರುವಾಸಿ ಐಟಂ.

ಮೇಸ್ತ್ರಿ ಹೋದ ವಾರವೇ ಒಂದು ಆರ್ಡರ್ ಬಂತು. ಪಂಪಿಗೆ ಹಾಕುವ ಉಕ್ಕಿನ ಬುಷ್, ಅಂದರೆ ಬಳೆಯಂಥ ಗಿಡ್ಡ ಕೊಳವೆ, ಆರು ನೂರು. ಒಳಗಿನ ರಂಧ್ರದ ಅಳತೆಯಲ್ಲಿ ಇಪ್ಪತ್ತು ಮೈಕ್ರಾನಿನೊಳಗಿನ ವ್ಯತ್ಯಾಸಕ್ಕೆ ಮಾತ್ರ ಮಾಫಿ. ತಲೆಗೂದಲೊಂದನ್ನು ಉದ್ದಕ್ಕೆ ಮೂರ್ನಾಲ್ಕು ಸೀಳು ಸೀಳಿದರೆ ಒಂದು ಸೀಳು ಅಷ್ಟಿರುತ್ತದೆ. ಎರಡು ವಾರ, ಆರು ದಿನ, ದಿನಕ್ಕೆ ನೂರು. ಎರಡನೇ ವಾರದ ಗುರುವಾರ ಕಂಪನಿಯಿಂದ ಇನ್‌ಸ್ಪೆಕ್ಷನ್ ಮೇಡಂ ಬಂದು ನೋಡುತ್ತಾರೆ.

"ಇದ್ದಿದ್ದು ಇದ್ದಂಗೆ ಹೇಳ್ಬೇಕಂದ್ರೆ," ಎಂದರು ಮಾಲೀಕರು, "ಈ ಲಾಟು ಪಾಸಾದ್ರೆ ಮುಂದಿನ ಆರ್ಡರ್ ನಮಗೇ. ಕಬ್ಬಿಣನೂ ಅವರೇ ಕೊಡ್ತಾರೆ. ಆಗ ನಾನು ಕಬ್ಬಿಣಕ್ಕೆ ಅಂತ ಎತ್ತಿಟ್ಟಿರೋದ್ರಾಗ ನಿನ್ನ ಹೋದ ತಿಂಗಳ ಸಂಬಳ ಕೊಡ್ತೀನಿ. ಫೇಲಾದ್ರೆ ಬೀಗದ ಕೈ ಶೆಡ್ಡಿನ ಓನರ್‌ಗೆ ಕೊಟ್ಟು ಮನಿಗೆ ಹೋಗೋದು. ನೀನೂ, ನಾನೂ."

ಆಗ ನನ್ನ ಅಕೌಂಟಿನಲ್ಲಿ ಇನ್ನೂರ ಹನ್ನೆರಡು ರೂಪಾಯಿ ಇತ್ತು. ಬಾಡಿಗೆ ಒಂದು ತಿಂಗಳು ಬಾಕಿ.

ಮೊದಲ ದಿನ ಗೂಡಿನ ಪ್ಯಾಕೆಟ್ ತೆಗೆದು ನೋಡಿದೆ. ಎರಡೇ ಕಡ್ಡಿ ಉಳಿದಿದ್ದವು. ಇಷ್ಟು ದಿನ ಮೇಸ್ತ್ರಿ ತಮ್ಮ ಜೇಬಿನಿಂದಲೇ ತರುತ್ತಿದ್ದರು ಎನ್ನುವುದು ಆಗ ಹೊಳೆಯಿತು. ಹೊಸ ಪ್ಯಾಕೆಟ್ ಕೊಂಡರೆ ಅವತ್ತಿನ ಚಾ ಮತ್ತು ಮಿರ್ಚಿ ಹೋಗುತ್ತದೆ. ಮಾಲೀಕರನ್ನು ಕೇಳಿದರೆ ಪೀಠಿಕೆಯ ಜೊತೆ ಭಾಷಣ. ದೇವರಿಗೆ ಬೇಕಾದ್ದು ಭಕ್ತಿ, ಉದ್ದ ಅಲ್ಲ ಎಂದು ತೀರ್ಮಾನಿಸಿ ಎರಡನ್ನೂ ಮೂರು ಮೂರು ತುಂಡು ಮಾಡಿದೆ. ಆರು ದಿನ, ಆರು ತುಂಡು. ಲೆಕ್ಕ ಸರಿಹೋಯಿತು. ಜೀವನದಲ್ಲಿ ನಾನು ಮುಂದಾಲೋಚನೆಯಿಂದ ಮಾಡಿದ ಮೊದಲ ಉಳಿತಾಯ ಅದು.

ಮಾಗಿಯ ಚಳಿ. ಬೆಳಿಗ್ಗೆ ಶೆಡ್ಡಿನ ಕಬ್ಬಿಣ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ತುಂಡು ಹಚ್ಚಿದೆ, ಖಾಲಿ ಓಡಿಸಿದೆ, ತುಂಡು ಆರಿತು, ಕೆಲಸ ಹಚ್ಚಿದೆ. ಮೊದಲ ಪೀಸಿನ ರಂಧ್ರವನ್ನು ಬೋರ್ ಗೇಜಿನಿಂದ ಅಳೆದು, ಹೆಚ್ಚುಕಡಿಮೆ ಇದ್ದದ್ದನ್ನು ಮಶೀನಿಗೆ ಆಫ್‌ಸೆಟ್ ಕೊಟ್ಟು ಸರಿಮಾಡಿದೆ. ಮೇಸ್ತ್ರಿ ಇದ್ದಾಗ ಐದಕ್ಕೊಂದು ಪೀಸು ಅಳೆಯುತ್ತಿದ್ದೆವು. ಈಗ ಕಟ್ಟುವವನೂ ನಾನೇ, ಬಿಚ್ಚುವವನೂ ನಾನೇ, ಒರೆಸಿ ಎಣ್ಣೆ ಹಚ್ಚಿ ಡಬ್ಬಿಗೆ ತುಂಬುವವನೂ ನಾನೇ. ಇಪ್ಪತ್ತಕ್ಕೊಂದು ಅಳೆದೆ. ಇಪ್ಪತ್ತನೆಯದು ಸ್ವಲ್ಪ ಟೈಟು, ಅಂದರೆ ರಂಧ್ರ ಸಣ್ಣದು. ಮತ್ತೆ ಆಫ್‌ಸೆಟ್. ಆಮೇಲೆ ಸಂಜೆಯವರೆಗೆ ಸರಿ. ಮಾರನೆಯ ಬೆಳಿಗ್ಗೆ ಮೊದಲ ಪೀಸು ಲೂಸು, ಇಪ್ಪತ್ತನೆಯದು ಟೈಟು, ಆಮೇಲೆ ಸರಿ. ಬೆಳಿಗ್ಗೆ ಒಂದು ಮಾತು, ಮಧ್ಯಾಹ್ನ ಒಂದು ಮಾತು ಆಡುವವರು ನಮ್ಮ ನೆಂಟರಲ್ಲೂ ಇದ್ದಾರೆ ಎಂದುಕೊಂಡು ಸುಮ್ಮನಾದೆ. ಒಂದನೆಯದಕ್ಕೂ ಇಪ್ಪತ್ತನೆಯದಕ್ಕೂ ನಡುವೆ ಏನಾಗುತ್ತಿದೆ ಎಂದು ಯೋಚಿಸಲಿಲ್ಲ.

ನಾಲ್ಕನೇ ದಿನ, ಎರಡನೇ ವಾರದ ಸೋಮವಾರ ಸಂಜೆ. ನಾನೂರು ಬುಷ್ ಡಬ್ಬಿಗಳಲ್ಲಿ ಸಾಲಾಗಿ ಕೂತಿದ್ದವು. ಬರಲಿರುವ ಮೇಡಂ ಹೇಗೆ ಪರೀಕ್ಷೆ ಮಾಡಬಹುದು ಎಂದು ಅವರನ್ನು ನೋಡದೆಯೇ ಅಣಕಿಸುತ್ತ, ಸೊಂಟಕ್ಕೆ ಕೈ ಕೊಟ್ಟು, ಒಂದು ಬುಷ್ ಎತ್ತಿ ಅದಕ್ಕೆ ಪ್ಲಗ್ ಗೇಜ್ ತೂರಿಸಿದೆ. ಪ್ಲಗ್ ಗೇಜ್ ಎಂದರೆ ಎರಡು ತುದಿಯ ಉಕ್ಕಿನ ಕಡ್ಡಿ. ಒಂದು ತುದಿ ರಂಧ್ರದೊಳಗೆ ಹೋಗಲೇಬೇಕು, ಇನ್ನೊಂದು ಹೋಗಲೇಬಾರದು. ಹೋಗಬೇಕಾದದ್ದು ಹೋಗಲಿಲ್ಲ. ಇನ್ನೊಂದು ಎತ್ತಿದೆ. ಅದಕ್ಕೂ ಹೋಗಲಿಲ್ಲ. ಸೊಂಟದ ಮೇಲಿನ ಕೈ ತಾನಾಗಿ ತಲೆಗೆ ಬಂತು.

ನಾನೂರನ್ನೂ ನೋಡಿದೆ. ಎಪ್ಪತ್ತೊಂದು ಟೈಟು. ಎಲ್ಲವೂ ಬೆಳಗಿನ ಸಾಲಿನವು.

ಮಾಲೀಕರು ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಆಮೇಲೆ ಮೆಲ್ಲಗೆ, "ನೋಡಪ, ಇದ್ದಿದ್ದು ಇದ್ದಂಗೆ ಹೇಳ್ಬೇಕಂದ್ರೆ, ಇವನ್ನ ಕೆಳಗಿನ ಸಾಲಿಗೆ ಹಾಕು. ಮೇಡಂ ಮ್ಯಾಲಿಂದ ಹತ್ತಿಪ್ಪತ್ತು ನೋಡ್ತಾರೆ, ಅಷ್ಟೇ," ಎಂದರು.

ಬೇರೆ ದಿನವಾಗಿದ್ದರೆ ಈ ಪೀಠಿಕೆಗೆ ಈ ಮಾತು ಬಂದದ್ದನ್ನು ವರ್ಷವಿಡೀ ಆಡಿಕೊಳ್ಳುತ್ತಿದ್ದೆ. ಅವತ್ತು ನಗು ಬರಲಿಲ್ಲ. ನಿಜ ಹೇಳುತ್ತೇನೆ, ಐದಾರು ಬುಷ್ ಕೆಳಗಿನ ಸಾಲಿಗೆ ಇಟ್ಟೂ ಇಟ್ಟೆ. ಇಡುವಾಗ ಲೆಕ್ಕ ಹಾಕಿದೆ: ಇವು ಪಂಪಿಗೆ ಕೂರುವಾಗ ಕೂರುವುದಿಲ್ಲ, ವಾಪಸು ಬರುತ್ತವೆ, ಆಗ ಆರ್ಡರೂ ಇಲ್ಲ, ಮುಂದಿನ ತಿಂಗಳೂ ಇಲ್ಲ. ಇದು ಪ್ರಾಮಾಣಿಕತೆಯಲ್ಲ. ದುಡ್ಡು ಕೂಡಿಟ್ಟವನು ಒಂದು ತಿಂಗಳ ಮಟ್ಟಿಗೆ ಸುಳ್ಳು ಹೇಳಿ ಬದುಕಬಹುದು. ನನಗೆ ಅದರ ಮುಂದಿನ ತಿಂಗಳೂ ಊಟ ಬೇಕಿತ್ತು.

"ಸಾರ್, ಮೇಸ್ತ್ರಿನ ಕರೀತೀನಿ," ಎಂದು ಇಟ್ಟದ್ದನ್ನು ಮತ್ತೆ ಹೊರಗೆ ತೆಗೆದೆ.

"ಅವರಿಗೆ ಕೊಡಾಕೆ ಎಲ್ಲೈತಪ್ಪ?"

"ನಾಳೆ ನಾಡಿದ್ದಿನ ನನ್ನ ಕೂಲಿ ಅವರಿಗೆ ಕೊಡ್ರಿ."

ಹೇಳಿದ ಕೂಡಲೇ ವಾಪಸು ತೆಗೆದುಕೊಳ್ಳಬೇಕೆನಿಸಿತು. ಆದರೆ ಮಾಲೀಕರು ಆಗಲೇ ತಲೆಯಾಡಿಸಿದ್ದರು. ಇಂಥದ್ದಕ್ಕೆ ಮಾತ್ರ ಅವರಿಗೆ ಪೀಠಿಕೆ ಬೇಕಾಗುವುದಿಲ್ಲ.

ಫೋನ್ ಮಾಡಲು ಬಸ್ ಸ್ಟ್ಯಾಂಡಿನವರೆಗೆ ನಡೆದೆ. ಶೆಡ್ಡಿನಲ್ಲಿ ನಿಂತು ಮಾಡಲು ಮುಖವಿರಲಿಲ್ಲ. ಮೇಸ್ತ್ರಿ ಎತ್ತಿದರು. ಆನಗೋಡಿನಲ್ಲಿ ಟ್ರಾಕ್ಟರ್ ಟ್ರೈಲರ್ ವೆಲ್ಡಿಂಗಿಗೆ ಹೋಗುತ್ತಿದ್ದಾರಂತೆ, ವಾರಕ್ಕೆ ಎರಡು ದಿನ ಸಿಕ್ಕರೆ ಪುಣ್ಯವಂತೆ. ಬುಷ್ಷಿನ ವಿಷಯ ಹೇಳಿದೆ.

"ಬೆಳಿಗ್ಗೆ ಮಶೀನು ಹೆಂಗೆ ಕೂಗ್ತೈತೆ?" ಎಂದು ಕೇಳಿದರು.

"ಹೆಂಗೆ ಅಂದ್ರೆ?"

"ದಿನಾ ನನ್ನ ಮಾಡ್ತಿದ್ಯಲ್ಲ, ಅದನ್ನ ಮಾಡಕ್ಕೆ ಬರಲ್ವಾ? ಮಾಡಿ ತೋರ್ಸು."

ಗೊತ್ತಿತ್ತು ಅವರಿಗೆ. ಎರಡು ವರ್ಷದಿಂದ ಗೊತ್ತಿತ್ತು. ಕಿವಿ ಬಿಸಿಯಾಯಿತು. ಆದರೂ ಬಸ್ಸು ಕಾಯುವ ಜನರ ನಡುವೆ ನಿಂತು ಕಣ್ಣು ಮುಚ್ಚಿ ಬೆಳಗಿನ ಲೇತು ಮಾಡಿದೆ: ಮೊದಲು ಗೊಗ್ಗರು, ಆಮೇಲೆ ಎಳೆದೆಳೆದು ಏರುವ ಗುಂಯ್. ಆಮೇಲೆ ಮಧ್ಯಾಹ್ನದ ಲೇತು: ಒಂದೇ ಸಮನೆ, ತುಪ್ಪ ಸವರಿದ ಹಾಗೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ಚೀಲ ಎತ್ತಿಕೊಂಡು ದೂರ ಸರಿದಳು.

"ಬೆಳಿಗ್ಗಿಂದು ಇನ್ನೊಮ್ಮೆ ಮಾಡು."

ಮಾಡಿದೆ.

"ತಣ್ಣಗೈತೆ ಅದು," ಎಂದರು ಮೇಸ್ತ್ರಿ. "ಮೈ ಬಿಸಿಯಾಗೋ ಮೊದ್ಲೇ ಕೆಲ್ಸ ಹಚ್ಚೀಯ. ಒಳಗಿನ ಸ್ಕ್ರೂ ಬಿಸಿಯಾದಂಗೆ ಬೆಳೀತೈತೆ, ಟೂಲು ಸರೀತೈತೆ, ರಂಧ್ರ ಸಣ್ಣದಾಗ್ತೈತೆ. ಕಡ್ಡಿ ಹಚ್ಚಲಿಲ್ವಾ?"

"ಹಚ್ಚಿದ್ದೆ ಮೇಸ್ತ್ರಿ."

"ಪೂರ್ತಿ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಎಷ್ಟು ಹಚ್ಚಿದ್ಯಲೇ?"

"ಮೂರು ತುಂಡು ಮಾಡಿದ್ದೆ. ಒಂದ್ ದಿನಕ್ಕೆ ಒಂದು ತುಂಡು."

ಆ ಕಡೆಯಿಂದ ಮೊದಲು ಕೆಮ್ಮು ಕೇಳಿತು. ಸಿಟ್ಟು ಎಂದುಕೊಂಡೆ. ನಗು ಅದು. ಅವರ ನಗು ನನಗೆ ಅಣಕಿಸಲು ಬರುತ್ತಿರಲಿಲ್ಲ, ಯಾಕೆಂದರೆ ಅದುವರೆಗೆ ಕೇಳಿಯೇ ಇರಲಿಲ್ಲ. "ಅದು ಪೂಜೆ ಅಲ್ಲಲೇ, ಗಡಿಯಾರ. ಅರ್ಧ ತಾಸು ಉರೀತೈತೆ ಅಂತ ಹಚ್ಚೋದು. ವಾಚು ನೋಡ್ಕೊಂಡು ನಿಂತ್ರೆ ಮಾಲೀಕ್ರು ಬೈತಾರೆ. ಊದಿನಕಡ್ಡಿ ಮುಂದೆ ನಿಂತ್ರೆ ಕೈ ಮುಗಿದು ಹೋಗ್ತಾರೆ. ಗೊತ್ತಾತಾ?"

ಐಟಿಐನಲ್ಲಿ 'ಯಂತ್ರವನ್ನು ಬೆಚ್ಚಗಾಗಿಸುವುದು ಏಕೆ?' ಎಂಬ ಪ್ರಶ್ನೆಗೆ ಎರಡಕ್ಕೆ ಎರಡು ಅಂಕ ತೆಗೆದವನು ನಾನು.

"ಮೇಸ್ತ್ರಿ, ನಿಮ್ಮ ಕೆಲ್ಸ ಹೋದಾಗ ನಾನು..."

"ಅದನ್ನ ಆಮ್ಯಾಲೆ ಹೇಳು. ಟೈಟು ಅಂದ್ಯಲ್ಲ, ಒಂದೂ ಲೂಸಿಲ್ಲ?"

"ದಿನದ ಮೊದಲ್ನೇ ಪೀಸು ಬಿಟ್ರೆ ಇಲ್ಲ. ಅವನ್ನ ಅವತ್ತೇ ಪಕ್ಕಕ್ಕಿಟ್ಟೀನಿ. ಬದಲಿಗೆ ಹೆಚ್ಚಿಗೆ ಮಾಡಿ ಲೆಕ್ಕ ತುಂಬ್ಸೀನಿ."

"ಹಂಗಾದ್ರೆ ಬದುಕ್ದಿ. ಇರೋ ಕಬ್ಬಿಣ ತೆಗಿಬೋದು, ಹೋದ ಕಬ್ಬಿಣ ಅಂಟ್ಸಕ್ಕಾಗಲ್ಲ. ನಾಳೆ ಮೊದ್ಲ ಬಸ್ಸಿಗೆ ಬರ್ತೀನಿ."

ಮಂಗಳವಾರ ಅವರು ಬಂದಾಗ ಕೈಯಲ್ಲಿ ಹೊಸ ಊದಿನಕಡ್ಡಿಯ ಪ್ಯಾಕೆಟ್ ಇತ್ತು, ಇನ್ನೊಂದು ಕೈಯಲ್ಲಿ ರಂಧ್ರವನ್ನು ಒಳಗಿನಿಂದ ಉಜ್ಜಿ ಹಿಗ್ಗಿಸುವ ಹಳೆಯ ಹೋನಿಂಗ್ ಟೂಲು. ನಡುವೆ ಸ್ಪ್ರಿಂಗ್, ಸುತ್ತ ಮೂರು ಸಣ್ಣ ಸಾಣೆಕಲ್ಲಿನ ಪಟ್ಟಿ. ಅದನ್ನು ಡ್ರಿಲ್ಲಿಂಗ್ ಮಶೀನಿಗೆ ಕಟ್ಟಿ, ನಿಧಾನವಾಗಿ ತಿರುಗಿಸಿ, ಬುಷ್ಷನ್ನು ಅಂಗೈಯಲ್ಲಿ ಹಗುರಾಗಿ ಹಿಡಿದು ಮೇಲೆ ಕೆಳಗೆ ಆಡಿಸಬೇಕು. ನಡುನಡುವೆ ಡೀಸೆಲ್ ಹನಿ. ಹನ್ನೆರಡು ಸಲ ಆಡಿಸು, ಒರೆಸು, ತಣ್ಣೀರಲ್ಲಿ ಅದ್ದು, ಆಮೇಲೆ ಅಳೆ. ಬಿಸಿ ಇದ್ದಾಗ ಅಳೆದರೆ ರಂಧ್ರ ದೊಡ್ಡದೆಂದು ತೋರಿಸಿ ಮೋಸ ಮಾಡುತ್ತದೆ. ಮೊದಲ ಎರಡು ಪೀಸು ಅವರ ಕೈಯಲ್ಲೇ ಲೂಸಾದವು. ಕಲ್ಲು ಹಳೆಯದು, ಒಂದು ಪಟ್ಟಿ ಮಾತ್ರ ಹೆಚ್ಚು ಕಚ್ಚುತ್ತಿತ್ತು. ಬೈದುಕೊಳ್ಳುತ್ತ ಅದನ್ನು ಗಾಜಿನ ಮೇಲೆ ಉಜ್ಜಿ ಸಮ ಮಾಡಿದರು. ಮೂರನೆಯದು ಪ್ಲಗ್ ಗೇಜಿಗೆ ಸರಕ್ಕನೆ ಕೂತಿತು.

ಈ ಕಡೆ ನಾನು ಒಂದು ಪೂರ್ತಿ ಕಡ್ಡಿ ಹಚ್ಚಿ, ಕೈ ಕಟ್ಟಿ ನಿಂತು, ಆಮೇಲೆ ಕೆಲಸ ಹಚ್ಚಿದೆ. ಐದಕ್ಕೊಂದು ಅಳೆದೆ. ಎಲ್ಲ ಸರಿ. ಮೂವತ್ತು ಪೀಸಾಗುವಷ್ಟರಲ್ಲಿ ಕರೆಂಟ್ ಹೋಯಿತು. ಒಂದು ತಾಸು, ಎರಡು ತಾಸು. ಮಧ್ಯಾಹ್ನ ಬಂದಾಗ ನಾನು ಓಡಿಹೋಗಿ ಬುಷ್ ಕಟ್ಟಿದೆ.

"ಬಿಚ್ಚು ಅದನ್ನ," ಎಂದರು ಮೇಸ್ತ್ರಿ. "ಇನ್ನೊಂದು ಕಡ್ಡಿ ಹಚ್ಚು."

"ಮೇಸ್ತ್ರಿ, ಇನ್ನೂ ಎಪ್ಪತ್ತು ಪೀಸೈತೆ! ಟೈಮಿಲ್ಲ!"

"ಟೈಮಿಲ್ಲ ಅಂತಾನೇ ಎಪ್ಪತ್ತೊಂದು ಕೆಡಿಸಿದ್ದು. ತಗಾ ಬೆಂಕಿಪೊಟ್ಣ."

ಆ ಅರ್ಧ ತಾಸು ಕಳೆದದ್ದು ಹೇಗೆಂದು ನನಗೇ ಗೊತ್ತು. ಹಸಿವಿಗಿಂತ ಕಷ್ಟ. ಕೈ ಖಾಲಿ ಇದ್ದವನಿಗೆ ಕಾಯುವುದು ಬರುವುದಿಲ್ಲ. ಏನಾದರೂ ಮಾಡುತ್ತಿರಬೇಕು, ಮಾಡಿದ್ದು ತಪ್ಪಾದರೂ ಸರಿ. ಕಡ್ಡಿಯ ಬೂದಿ ಬಾಗಿ ಬೀಳುವುದನ್ನು ನೋಡುತ್ತ ನಿಂತೆ. ಮಂಗಳವಾರ ಎಂಬತ್ತು ಪೀಸಿಗೇ ಮುಗಿಯಿತು. ಬುಧವಾರ ಊಟ ನಿಂತುಕೊಂಡೇ ಮಾಡಿ ಉಳಿದದ್ದನ್ನು ತುಂಬಿಸಿದೆ. ಮೇಸ್ತ್ರಿ ಕಡೆಯ ಬುಷ್ ಉಜ್ಜಿ, ಸರಿಹೋದ ಅರವತ್ತೊಂಬತ್ತಕ್ಕೂ ನೀಲಿ ಪೆನ್ನಿನಲ್ಲಿ ಚುಕ್ಕೆ ಇಟ್ಟು ಬೇರೆ ಡಬ್ಬಿಗೆ ಹಾಕಿದರು.

"ಚುಕ್ಕೆ ಯಾಕ್ರಿ ಮತ್ತೆ?" ಮಾಲೀಕರು ಕೇಳಿದರು. "ಸರಿ ಹೋಗ್ಯಾವಲ್ಲ!"

"ಕೇಳಿದ್ರೆ ಹೇಳಾಕೆ," ಎಂದರು ಮೇಸ್ತ್ರಿ.

ಗುರುವಾರ ಮೇಡಂ ಬಂದರು. ನಾನು ಅಣಕಿಸಿದ್ದಕ್ಕೂ ಅವರಿಗೂ ಏನೇನೂ ಹೋಲಿಕೆಯಿಲ್ಲ. ಸಣ್ಣ ಮೈಕಟ್ಟು, ಸ್ವೆಟರ್, ತಮ್ಮದೇ ಗೇಜು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಡಬ್ಬಿ ತೆರೆದವರೇ ಮೇಲಿನ ಸಾಲುಗಳನ್ನೆಲ್ಲ ಎತ್ತಿ ಪಕ್ಕಕ್ಕಿಟ್ಟು ತಳದಿಂದ ಶುರುಮಾಡಿದರು.

"ಕೆಳಗಿಂದ ನೋಡ್ತೀರಾ ಮೇಡಂ?" ಮಾಲೀಕರು ಕೇಳಿದರು.

"ಎಲ್ಲರೂ ಕೆಳಗೇ ಇಟ್ಟಿರ್ತಾರೆ ಸರ್. ಅದಕ್ಕೆ."

ಮಾಲೀಕರು ನೀರು ಕುಡಿಯಲು ಹೋದರು. ಮೇಡಂ ನೀಲಿ ಚುಕ್ಕೆಯ ಡಬ್ಬಿಗೆ ಬಂದರು. "ಇದೇನು ಮಾರ್ಕ್?"

ಯಾರ ದನಿಯನ್ನೂ ಎರವಲು ತರದೆ ನಾನೇ ಹೇಳಿದೆ. ಬೆಳಗಿನ ಪೀಸು ಟೈಟು ಬಂದದ್ದು, ಯಾಕೆ ಬಂತು, ಹೇಗೆ ಸರಿಮಾಡಿದೆವು, ಕೆಟ್ಟದ್ದೆಷ್ಟು. ಊದಿನಕಡ್ಡಿಯ ಭಾಗವನ್ನು ಬಿಡೋಣವೆಂದುಕೊಂಡೆ, ಅದೂ ಬಾಯಿಗೆ ಬಂತು. ಅವರು ನಗಲಿಲ್ಲ. ಒಂದು ಸ್ಟೂಲ್ ಎಳೆದುಕೊಂಡು ಕೂತು ಅರವತ್ತೊಂಬತ್ತನ್ನೂ ಒಂದೊಂದಾಗಿ ಅಳೆದರು. ಒಂದೂವರೆ ತಾಸು. ನಾನು, ಮೇಸ್ತ್ರಿ, ಮಾಲೀಕರು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದೆವು. ಅವರು ಮೂರು ಬುಷ್ ಬಲಗಡೆಗಿಟ್ಟರು. ಒಂದೊಂದು ಇಟ್ಟಾಗಲೂ ನಾನು ಮನಸ್ಸಿನಲ್ಲಿ ಒಂದೊಂದು ತಿಂಗಳ ಬಾಡಿಗೆ ಕಳೆಯುತ್ತಿದ್ದೆ.

"ಈ ಮೂರು ರಿಜೆಕ್ಟ್," ಎಂದರು ಕಡೆಗೆ. "ಮುಂದಿನ ಲಾಟಲ್ಲಿ ಸೇರಿಸಿ ಕೊಡಿ. ಉಳಿದಿದ್ದು ಓಕೆ." ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕುತ್ತ ಕೇಳಿದರು: "ಮುಂದಿನ ಲಾಟಿಗೂ ಸೆಟ್ಟಿಂಗ್ ನೀವೇನಾ?"

"ಅಲ್ಲ ಮೇಡಂ, ಇವರು," ಎಂದು ಮೇಸ್ತ್ರಿಯನ್ನು ತೋರಿಸಿದೆ. ಮಾಲೀಕರು ನನ್ನನ್ನು ನೋಡಿದರು, ಮೇಡಂ ಬರೆದುಕೊಳ್ಳುತ್ತಿದ್ದುದನ್ನು ನೋಡಿದರು, ಹೌದೆಂದು ತಲೆಯಾಡಿಸಿದರು. ಸೆಟ್ಟರಿಗೆಂದು ನನಗೆ ಸೇರಿದ್ದ ನಾಲ್ಕು ಕಾಸು ಅಲ್ಲಿಗೆ ಹೋಯಿತು. ಇಷ್ಟು ಹಗುರಾಗಿ ಯಾವ ದುಡ್ಡೂ ನನ್ನ ಕೈಬಿಟ್ಟಿರಲಿಲ್ಲ.

ಮಧ್ಯಾಹ್ನವೇ ಹೋದ ತಿಂಗಳ ಸಂಬಳ ಬಂತು. ಮುಂದಿನ ವಾರದಿಂದ ನಾಲ್ಕು ದಿನ ಕೆಲಸ, ಮೇಸ್ತ್ರಿಗೂ. ನನ್ನ ಎರಡು ದಿನದ ಕೂಲಿಯನ್ನು ಮಾಲೀಕರು ಕಡಿಯಲಿಲ್ಲ. ಕಡಿದಿಲ್ಲ ಎಂದು ಮೂರು ಸಲ ಹೇಳಿದರು. ಬಾಡಿಗೆಯನ್ನು ಶೆಡ್ಡಿನಲ್ಲಿ ನಿಂತೇ ಮನೆ ಓನರಿಗೆ ಕಳಿಸಿದೆ.

ಸಂಜೆ ಮೇಸ್ತ್ರಿಯೂ ನಾನೂ ದಾವಣಗೆರೆಗೆ ಬಂದು ಆನಗೋಡಿನ ಕಡೆಯ ಬಸ್ಸು ಹತ್ತಿದೆವು. ನನ್ನ ಆವರಗೆರೆ ಅದೇ ದಾರಿಯಲ್ಲಿ, ಮೊದಲೇ ಬರುತ್ತದೆ. ಕೂತದ್ದು ನೆನಪಿದೆ. "ಮೇಸ್ತ್ರಿ, ಅವತ್ತು ಮಾಲೀಕ್ರು ಕೇಳಿದ ಕೂಡ್ಲೇ ನಾನು ಹೂಂ ಅಂದೆ," ಎಂದು ಹೇಳಿದ್ದೂ ನೆನಪಿದೆ. "ನಲ್ಲಿ ಹತ್ರ ಕೇಳಿಸ್ತು. ನಿನ್ನ ದನಿ ಎಲ್ಲಿದ್ರೂ ಕೇಳ್ತೈತೆ," ಎಂದು ಅವರು ಕಿಟಕಿ ಮುಚ್ಚಿದರು. ಆಮೇಲಿನದು ನೆನಪಿಲ್ಲ.

ಯಾರೋ ಭುಜ ಅಲ್ಲಾಡಿಸಿದಾಗ ಬಸ್ಸು ನಿಂತಿತ್ತು. ಹೊರಗೆ ಆನಗೋಡು.

"ಎಬ್ಬಿಸಬಾರ್ದಾ ಮೇಸ್ತ್ರಿ? ಆವರಗೆರೆ ಹೋತಲ್ಲ!"

"ಎರಡು ಸಲ ಎಬ್ಬಿಸ್ದೆ. ಎರಡೂ ಸಲ ಕಂಡಕ್ಟರ್ ದನಿಯಾಗ 'ರೈಟ್ ರೈಟ್' ಅಂದು ಮತ್ತೆ ಮಲಗ್ದಿ. ಡ್ರೈವರ್ ನಿಜ ಅಂದ್ಕಂಡು ಬಿಟ್ಟೇಬಿಟ್ಟ. ಇಳಿ, ಮನ್ಯಾಗ ರೊಟ್ಟಿ ಮಾಡ್ಯಾರೆ."

ಇಳಿದು ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮ, ಸಂಬಳ ಬಂತು. ನಾನು ಆನಗೋಡಿನಾಗೆ ಇದೀನಿ."

ಅಮ್ಮ ಕೇಳಿದಳು: "ಸಂಬಳ ಬಂದ್ ದಿನಾನೇ ಊರು ಬಿಟ್ಟು ಓಡೋಗ್ತಿದೀಯೇನಲೇ?"

ನಾನು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು, ಹೊಟ್ಟೆ ನೋಯುವಷ್ಟು ನಕ್ಕೆ. ಮೇಸ್ತ್ರಿ ಟಿಫನ್ ಡಬ್ಬಿ ಕಂಕುಳಲ್ಲಿಟ್ಟುಕೊಂಡು, ನಗು ಮುಗಿಯುವವರೆಗೆ ಕಾದರು.